ಮಧುಗಿರಿ ಉಪವಿಭಾಗದ ನಾಲ್ಕು ವಿಧಾನಸಭಾ ಕ್ಷೇತ್ರಗಳಲ್ಲಿ ಪಕ್ಷಾಧಿಕಾರದ ಬದಲಾವಣೆ: 2008–2023

ರಾಜ್ಯದಲ್ಲಿ ಅಧಿಕಾರವು ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕೆ ಹೋದಾಗಲೆಲ್ಲ ಅದನ್ನು ‘ಅಲೆ’ ಎಂಬ ಒಂದು ಮಾತಿನಿಂದ ವಿವರಿಸುವ ರೂಢಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ವೃತ್ತಪತ್ರಿಕೆಗಳು ಈ ಮಾತನ್ನು ಬಳಸುವುದರಲ್ಲಿ ಆಶ್ಚರ್ಯವಿಲ್ಲ; ಆದರೆ ಕಾಲೇಜಿನ ವಿದ್ಯಾರ್ಥಿಗಳೂ ಪರೀಕ್ಷೆಯ ಉತ್ತರಗಳಲ್ಲಿ ಇದನ್ನೇ ಒಂದು ಸಿದ್ಧಾಂತವೆಂಬಂತೆ ಬರೆಯತೊಡಗಿದ್ದಾರೆ. ವಾಸ್ತವವಾಗಿ ‘ಪಕ್ಷಾಧಿಕಾರದ ಬದಲಾವಣೆ’ ಎಂಬ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಡಕವಾಗಿವೆ. ಮಂತ್ರಿಮಂಡಲವು ಒಂದು ಪಕ್ಷದ ಕೈಯಿಂದ ಇನ್ನೊಂದರ ಕೈಗೆ ಹೋಗುವುದು ಒಂದು. ಒಂದು ಕ್ಷೇತ್ರದ ಸ್ಥಾನವು ಹಾಗೆ ಹೋಗುವುದು ಇನ್ನೊಂದು. ಎರಡನೆಯದು ಮೊದಲನೆಯದರ ಬಿಡಿ ತುಣುಕು, ಅಂತಹ ತುಣುಕುಗಳ ಮೊತ್ತವೇ ರಾಜ್ಯದ ತೀರ್ಪು ಎಂದು ಸಾಮಾನ್ಯವಾಗಿ ಊಹಿಸಲಾಗುತ್ತದೆ. ಈ ಊಹೆ ಎಲ್ಲೆಡೆಯೂ ನಿಲ್ಲುವುದಿಲ್ಲ ಎಂಬುದನ್ನು ತುಮಕೂರು ಜಿಲ್ಲೆಯ ಉತ್ತರ ಭಾಗದ ನಾಲ್ಕು ಕ್ಷೇತ್ರಗಳ ನಿದರ್ಶನದಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಕಂದಾಯ ಉಪವಿಭಾಗವೆನಿಸಿವೆ. ಶಾಲಾ ಆಡಳಿತದಲ್ಲಿಯೂ ಇವನ್ನು ಒಂದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿ ಎಣಿಸಲಾಗಿದೆ. ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಕೊರಟಗೆರೆ 134ನೆಯದು, ಶಿರಾ 136, ಪಾವಗಡ 137, ಮಧುಗಿರಿ 138. ಆದರೆ ಲೋಕಸಭೆಯ ಮಟ್ಟಿಗೆ ಈ ಏಕತೆ ಒಡೆದುಹೋಗಿದೆ: ಮಧುಗಿರಿ ಮತ್ತು ಕೊರಟಗೆರೆಗಳು ತುಮಕೂರು ಕ್ಷೇತ್ರಕ್ಕೆ ಸೇರಿದರೆ, ಶಿರಾ ಮತ್ತು ಪಾವಗಡಗಳು ಚಿತ್ರದುರ್ಗದ ಮೀಸಲು ಕ್ಷೇತ್ರಕ್ಕೆ ಸೇರಿವೆ. ನೆಲದ ನಕ್ಷೆಯೂ ವಿಚಿತ್ರವಾದುದೇ. ಆಂಧ್ರಪ್ರದೇಶದ ಮಡಕಶಿರಾ ಸೀಮೆ ನಡುವೆ ಚಾಚಿಕೊಂಡಿರುವುದರಿಂದ ಮಧುಗಿರಿಯಿಂದ ಪಾವಗಡಕ್ಕೆ ನೇರ ದಾರಿಯಲ್ಲಿ ಹೋಗುವವನು ನೆರೆರಾಜ್ಯದ ನೆಲವನ್ನು ಹಾದು ತನ್ನ ಜಿಲ್ಲೆಗೆ ಮರಳಬೇಕು. ಪಾವಗಡದಲ್ಲಿ ಕನ್ನಡದೊಡನೆ ತೆಲುಗೂ ಮನೆಮಾತು. ನಾಲ್ಕೂ ತಾಲ್ಲೂಕುಗಳಿಗೆ ಸಮಾನವಾದದ್ದು ನೀರಿನ ಕೊರತೆ. ಮಳೆಯನ್ನೇ ನೆಚ್ಚಿದ ಕಡಲೆಕಾಯಿ ಮತ್ತು ರಾಗಿಯ ಬೇಸಾಯ, ಬತ್ತಿದ ಕೆರೆಗಳು, ವರ್ಷವರ್ಷಕ್ಕೂ ಆಳವಾಗುವ ಕೊಳವೆ ಬಾವಿಗಳು, ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡಿನ ದೋಷ, ಇವುಗಳನ್ನು ಬಿಟ್ಟು ಇಲ್ಲಿನ ರಾಜಕೀಯವನ್ನು ಅರ್ಥಮಾಡಿಕೊಳ್ಳಲಾಗದು.

ಮೊದಲು ರಾಜ್ಯದ ಮಟ್ಟದ ಬದಲಾವಣೆಗಳನ್ನು ಸಂಕ್ಷೇಪವಾಗಿ ನೆನೆಯೋಣ. ಮೊದಲನೆಯ ಮಹಾಚುನಾವಣೆಯಿಂದ 1983ರ ವರೆಗೆ ಒಂದಲ್ಲ ಒಂದು ರೂಪದ ಕಾಂಗ್ರೆಸ್ಸೇ ರಾಜ್ಯವನ್ನಾಳಿತು. 1983ರ ಜನವರಿಯಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಮೊದಲ ಕಾಂಗ್ರೆಸ್ಸೇತರ ಸರಕಾರ ಬಂದಿತು. 1985ರಲ್ಲಿ ಜನತಾ ಪಕ್ಷವು ಮತ್ತೆ ಗೆದ್ದು ಬಹುಮತ ಪಡೆಯಿತು. ಆಳುತ್ತಿರುವ ಪಕ್ಷವೊಂದನ್ನು ಕರ್ನಾಟಕದ ಮತದಾರರು ಮರಳಿ ಅಧಿಕಾರಕ್ಕೆ ಕಳುಹಿಸಿದ್ದು ಅದೇ ಕೊನೆ. 1989ರಲ್ಲಿ ಕಾಂಗ್ರೆಸ್ಸು, 1994ರಲ್ಲಿ ಜನತಾದಳ, 1999ರಲ್ಲಿ ಕಾಂಗ್ರೆಸ್ಸು, 2004ರಲ್ಲಿ ಯಾರಿಗೂ ಬಹುಮತವಿಲ್ಲ, 2008ರಲ್ಲಿ ಭಾರತೀಯ ಜನತಾ ಪಕ್ಷ, 2013ರಲ್ಲಿ ಕಾಂಗ್ರೆಸ್ಸು, 2018ರಲ್ಲಿ ಪುನಃ ಯಾರಿಗೂ ಬಹುಮತವಿಲ್ಲ, 2023ರಲ್ಲಿ ಕಾಂಗ್ರೆಸ್ಸು. ಲೋಲಕದ ಓಲಾಟದಂತೆ ಕಾಣುವ ಈ ಸಾಲನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯು ಪ್ರತಿ ಕ್ಷೇತ್ರವೂ ಇದೇ ತಾಳಕ್ಕೆ ಓಲಾಡಿರಬೇಕೆಂದು ಭಾವಿಸುವುದು ಸಹಜ.

ನಮ್ಮ ಪರಿಶೀಲನೆಯನ್ನು 2008ರಿಂದ ಆರಂಭಿಸುವುದಕ್ಕೆ ಕಾರಣವಿದೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗವು ಕ್ಷೇತ್ರಗಳ ಎಲ್ಲೆಗಳನ್ನು ಹೊಸದಾಗಿ ಗೊತ್ತುಮಾಡಿದ ಮೇಲೆ, ಆ ಹೊಸ ಎಲ್ಲೆಗಳಂತೆ ವಿಧಾನಸಭೆಯನ್ನು ಮೊದಲು ಆರಿಸಿದ ರಾಜ್ಯ ಕರ್ನಾಟಕ. ಈ ಮರುವಿಂಗಡಣೆಯಿಂದ ಈ ಸೀಮೆಯಲ್ಲಾದಷ್ಟು ಕದಲಿಕೆ ಬೇರೆಡೆ ಆದದ್ದು ಅಪರೂಪ. ಅದುವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಮಧುಗಿರಿ ಸಾಮಾನ್ಯ ಕ್ಷೇತ್ರವಾಯಿತು. ಸಾಮಾನ್ಯವಾಗಿದ್ದ ಕೊರಟಗೆರೆ ಮೀಸಲಾಯಿತು. ಶಿರಾ ಸಾಮಾನ್ಯವಾಗಿಯೂ ಪಾವಗಡ ಮೀಸಲಾಗಿಯೂ ಉಳಿದವು. ಕಳ್ಳಂಬೆಳ್ಳ ಮತ್ತು ಬೆಳ್ಳಾವಿ ಎಂಬ ಎರಡು ಕ್ಷೇತ್ರಗಳು ಪಟ್ಟಿಯಿಂದಲೇ ಅಳಿಸಿಹೋದವು.

ಕ್ಷೇತ್ರಗಳು ಹೀಗೆ ಸರಿದಾಗ ನಾಯಕರೂ ಸರಿಯಬೇಕಾಯಿತು. 1989, 1999 ಮತ್ತು 2004ರಲ್ಲಿ ಮಧುಗಿರಿಯಿಂದ ಆರಿಸಿಬಂದಿದ್ದ ಡಾ. ಜಿ. ಪರಮೇಶ್ವರರು ಕೊರಟಗೆರೆಗೆ ಬಂದರು. 1999ರಲ್ಲಿ ಅವರು ಮಧುಗಿರಿಯಲ್ಲಿ ಪಡೆದಿದ್ದ ಮುನ್ನಡೆ 55,000ವನ್ನು ಮೀರಿತ್ತು; ಅಂತಹ ಕ್ಷೇತ್ರವನ್ನು ಬಿಟ್ಟು ಬರುವುದು ಸಣ್ಣ ಮಾತಲ್ಲ. ಕೊರಟಗೆರೆಯ ಪ್ರತಿನಿಧಿಯಾಗಿದ್ದ ಶ್ರೀ ಸಿ. ಚನ್ನಿಗಪ್ಪನವರ ಮಗ ಶ್ರೀ ಡಿ. ಸಿ. ಗೌರಿಶಂಕರ್ ಮಧುಗಿರಿಗೆ ಬಂದು ಜಾತ್ಯತೀತ ಜನತಾದಳದ ಉಮೇದುವಾರರಾದರು. ಹೀಗೆ ಎರಡು ನೆರೆಯ ತಾಲ್ಲೂಕುಗಳು ತಮ್ಮ ರಾಜಕೀಯ ಮನೆತನಗಳನ್ನು ಕೊಟ್ಟು ತೆಗೆದುಕೊಂಡಂತಾಯಿತು. ಕಳ್ಳಂಬೆಳ್ಳದಿಂದ ಗೆಲ್ಲುತ್ತಿದ್ದ ಶ್ರೀ ಟಿ. ಬಿ. ಜಯಚಂದ್ರರು ಶಿರಾ ಕ್ಷೇತ್ರವನ್ನು ಹಿಡಿದರು. 2004ರಲ್ಲಿ ಬೆಳ್ಳಾವಿಯಿಂದ ಜಾತ್ಯತೀತ ಜನತಾದಳದ ಸದಸ್ಯರಾಗಿ ಬಂದಿದ್ದ, ಸಹಕಾರಿ ಕ್ಷೇತ್ರದ ಧುರೀಣರಾದ ಶ್ರೀ ಕೆ. ಎನ್. ರಾಜಣ್ಣನವರು ಮುಂದೆ ಕಾಂಗ್ರೆಸ್ಸಿನಿಂದ ಮಧುಗಿರಿಯ ಪ್ರತಿನಿಧಿಯಾದರು. ಮುಂದಿನ ಹದಿನೈದು ವರ್ಷಗಳ ಸ್ಪರ್ಧೆಗಳ ಪಾತ್ರವರ್ಗ ಸಿದ್ಧವಾದುದು ಪಕ್ಷಗಳ ಕಚೇರಿಗಳಿಗಿಂತ ಹೆಚ್ಚಾಗಿ ಆಯೋಗದ ನಕ್ಷೆಯ ಮೇಲೆ ಎಂದರೆ ತಪ್ಪಾಗಲಾರದು.

2008ರ ಮೇ ತಿಂಗಳ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷವು 224ರಲ್ಲಿ 110 ಸ್ಥಾನಗಳನ್ನು ಗಳಿಸಿ, ದಕ್ಷಿಣ ಭಾರತದಲ್ಲಿ ಮೊದಲ ಬಾರಿಗೆ ತನ್ನದೇ ಸರಕಾರವನ್ನು ರಚಿಸಿತು. ರಾಜ್ಯದ ಇತಿಹಾಸದಲ್ಲಿ ಇದೊಂದು ದೊಡ್ಡ ಪಲ್ಲಟ. ಆದರೆ ನಮ್ಮ ನಾಲ್ಕು ಕ್ಷೇತ್ರಗಳಲ್ಲಿ ಒಂದೂ ಆ ಪಕ್ಷಕ್ಕೆ ಸಿಗಲಿಲ್ಲ. ಶಿರಾ ಮತ್ತು ಕೊರಟಗೆರೆ ಕಾಂಗ್ರೆಸ್ಸಿಗೆ, ಮಧುಗಿರಿ ಜಾತ್ಯತೀತ ಜನತಾದಳಕ್ಕೆ, ಪಾವಗಡ ಪಕ್ಷೇತರರಾದ ಶ್ರೀ ವೆಂಕಟರಮಣಪ್ಪನವರಿಗೆ ಹೋದವು. ಹೀಗಿದ್ದರೂ, ರಾಜ್ಯದ ಅಧಿಕಾರಾಂತರದಲ್ಲಿ ಈ ಸೀಮೆಯ ಪಾತ್ರ ಚುನಾವಣೆ ಮುಗಿದ ಮೇಲೆ ಪ್ರಾರಂಭವಾಯಿತು. ಬಹುಮತಕ್ಕೆ 113 ಬೇಕು, ಮೂರು ಕಡಿಮೆ. ಆ ಕೊರತೆಯನ್ನು ತುಂಬಿದ ಐವರು ಪಕ್ಷೇತರರಲ್ಲಿ ಪಾವಗಡದ ಸದಸ್ಯರೂ ಒಬ್ಬರು, ಐವರೂ ಮಂತ್ರಿಗಳಾದರು.

ಇಲ್ಲಿ ಕಾನೂನಿನ ಒಂದು ಅಂಶವನ್ನು ವಿದ್ಯಾರ್ಥಿಗಳಿಗಾಗಿ ವಿವರಿಸಬೇಕು. 1985ರ 52ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ಒಂದು ಪಕ್ಷದಿಂದ ಗೆದ್ದವನು ಸ್ವೇಚ್ಛೆಯಿಂದ ಆ ಪಕ್ಷವನ್ನು ತೊರೆದರೆ ಸದಸ್ಯತ್ವ ಕಳೆದುಕೊಳ್ಳುತ್ತಾನೆ. ಪಕ್ಷೇತರನಾಗಿ ಗೆದ್ದವನು ಚುನಾವಣೆಯ ತರುವಾಯ ಯಾವುದಾದರೂ ಪಕ್ಷವನ್ನು ಸೇರಿದರೆ ಅವನಿಗೂ ಅದೇ ಗತಿ. 1960ರ ದಶಕದಲ್ಲಿ ಸದಸ್ಯರು ಸಭೆಯಲ್ಲಿ ಎದ್ದು ಇನ್ನೊಂದು ಬದಿಗೆ ಹೋಗಿ ಕುಳಿತರೆ ಸಾಕಾಗಿತ್ತು. ಈಗ ಆ ಮಾರ್ಗ ಮುಚ್ಚಿದೆ. ಆದಕಾರಣ ಒಂದು ಹೊಸ ಮಾರ್ಗ ಹುಟ್ಟಿತು: ಸದಸ್ಯನು ರಾಜೀನಾಮೆ ಕೊಡುವುದು, ಉಪಚುನಾವಣೆ ನಡೆಯುವುದು, ಅದೇ ವ್ಯಕ್ತಿಯೋ ಅವನ ಹೊಸ ಪಕ್ಷವೋ ಆ ಸ್ಥಾನಕ್ಕೆ ಪುನಃ ಸ್ಪರ್ಧಿಸುವುದು. ‘ಆಪರೇಷನ್ ಕಮಲ’ವೆಂದು ಜನರು ಹೆಸರಿಟ್ಟ ಈ ಕ್ರಮಕ್ಕೆ ಒಳಗಾದ ಮೊದಲ ಕ್ಷೇತ್ರಗಳಲ್ಲಿ ಮಧುಗಿರಿಯೂ ಒಂದು. ಶ್ರೀ ಗೌರಿಶಂಕರ್ ಗೆದ್ದ ಕೆಲವೇ ತಿಂಗಳುಗಳಲ್ಲಿ ರಾಜೀನಾಮೆಯಿತ್ತರು. 2008ರ ಡಿಸೆಂಬರಿನಲ್ಲಿ ಏಳೆಂಟು ಕ್ಷೇತ್ರಗಳಿಗೆ ಒಟ್ಟಿಗೆ ಉಪಚುನಾವಣೆ ನಡೆದು, ಆಳುವ ಪಕ್ಷವು ಅವುಗಳಲ್ಲಿ ಹೆಚ್ಚಿನವನ್ನು ಗೆದ್ದು ತನ್ನ ಬಹುಮತವನ್ನು ಭದ್ರಪಡಿಸಿಕೊಂಡಿತು. ಆದರೆ ಮಧುಗಿರಿ ಒಲಿಯಲಿಲ್ಲ. ಅಲ್ಲಿ ಜಾತ್ಯತೀತ ಜನತಾದಳದ ಶ್ರೀಮತಿ ಅನಿತಾ ಕುಮಾರಸ್ವಾಮಿಯವರು ಆಯ್ಕೆಯಾದರು. ಪ್ರತಿನಿಧಿ ಪಕ್ಷವನ್ನು ಬಿಟ್ಟರೂ ಸ್ಥಾನ ಆ ಪಕ್ಷದಲ್ಲಿಯೇ ಉಳಿಯಿತು.

ಪಾವಗಡದ ಕಥೆ ನ್ಯಾಯಾಲಯದ ವರೆಗೆ ಹೋಯಿತು. 2010ರ ಅಕ್ಟೋಬರಿನಲ್ಲಿ ಆ ಐವರು ಪಕ್ಷೇತರರು ಸರಕಾರಕ್ಕೆ ಕೊಟ್ಟಿದ್ದ ಬೆಂಬಲವನ್ನು ಹಿಂತೆಗೆದುಕೊಂಡಾಗ, ಅವರು ಮಂತ್ರಿಗಳಾಗಿ ಆಳುವ ಪಕ್ಷವನ್ನು ಸೇರಿದಂತಾಗಿತ್ತೆಂಬ ಕಾರಣದ ಮೇಲೆ ಸಭಾಧ್ಯಕ್ಷರು ಅವರನ್ನು ಅನರ್ಹಗೊಳಿಸಿದರು. 2012ರಲ್ಲಿ ಸುಪ್ರೀಂ ಕೋರ್ಟು ಈ ಆಜ್ಞೆಯನ್ನು ತಳ್ಳಿಹಾಕಿತು. ಪಕ್ಷೇತರನೊಬ್ಬನು ಮಂತ್ರಿಮಂಡಲವನ್ನು ಸೇರಿದ ಮಾತ್ರಕ್ಕೆ ಪಕ್ಷವನ್ನು ಸೇರಿದಂತಾಗದು ಎಂಬ ಈ ತೀರ್ಪು ಸಂವಿಧಾನಶಾಸ್ತ್ರದ ತರಗತಿಗಳಲ್ಲಿ ಈಗಿರುವುದಕ್ಕಿಂತ ಹೆಚ್ಚಿನ ಗಮನಕ್ಕೆ ಅರ್ಹವಾದುದು. ಗಡಿಯ ಒಂದು ಬರಡು ತಾಲ್ಲೂಕಿನ ಮತ ದೆಹಲಿಯ ನ್ಯಾಯಪೀಠದ ಮುಂದೆ ಒಂದು ಪ್ರಮೇಯವಾಗಿ ನಿಂತಿತು.

2013ರಲ್ಲಿ ರಾಜ್ಯದ ಅಧಿಕಾರ ಕಾಂಗ್ರೆಸ್ಸಿಗೆ ಮರಳಿತು, 122 ಸ್ಥಾನಗಳೊಡನೆ. ‘ಅಲೆ’ಯ ಸಿದ್ಧಾಂತ ನಿಜವಾಗಿದ್ದರೆ ಕಾಂಗ್ರೆಸ್ಸಿನ ಕೈಯಲ್ಲಿದ್ದ ಕೊರಟಗೆರೆ ಆ ಪಕ್ಷದಲ್ಲಿ ಇನ್ನಷ್ಟು ಭದ್ರವಾಗಬೇಕಾಗಿತ್ತು. ಆದದ್ದು ವಿರುದ್ಧ. ರಾಜ್ಯ ಕಾಂಗ್ರೆಸ್ಸಿನ ಅಧ್ಯಕ್ಷರೂ ಮುಖ್ಯಮಂತ್ರಿ ಪದವಿಗೆ ಹೆಸರಿಸಲ್ಪಡುತ್ತಿದ್ದವರೂ ಆದ ಡಾ. ಪರಮೇಶ್ವರರನ್ನು, ಜಾತ್ಯತೀತ ಜನತಾದಳದ ಶ್ರೀ ಪಿ. ಆರ್. ಸುಧಾಕರಲಾಲ್ ಅವರು 18,000ಕ್ಕೂ ಮಿಗಿಲಾದ ಮತಗಳ ಅಂತರದಿಂದ ಸೋಲಿಸಿದರು. ಪಕ್ಷವನ್ನು ಅಧಿಕಾರಕ್ಕೆ ತಂದ ಅಧ್ಯಕ್ಷರು ಸಭೆಯ ಹೊರಗೆ ನಿಂತರು. ಶ್ರೀ ಸಿದ್ಧರಾಮಯ್ಯನವರು ಮುಖ್ಯಮಂತ್ರಿಗಳಾದರು. ಮುಂದಿನ ವರ್ಷ ಡಾ. ಪರಮೇಶ್ವರರು ವಿಧಾನ ಪರಿಷತ್ತಿಗೆ ಬಂದು 2015ರಲ್ಲಿ ಗೃಹಮಂತ್ರಿಗಳಾದರೆಂಬುದು ನಿಜ. ಆದರೆ 2013ರ ಮೇ ತಿಂಗಳಲ್ಲಿ ರಾಜ್ಯದ ನಾಯಕತ್ವದ ಪ್ರಶ್ನೆಯನ್ನು ಎಷ್ಟೋ ಮಟ್ಟಿಗೆ ನಿರ್ಧರಿಸಿದವರು ಕೊರಟಗೆರೆಯ ಮತದಾರರೇ. ಹಾಗೆಂದು ಅವರು ಉದ್ದೇಶಿಸಿದ್ದರೆಂದು ಹೇಳಲು ಯಾವ ಆಧಾರವೂ ಇಲ್ಲ. ಅವರು ತಮ್ಮ ಸದಸ್ಯರನ್ನು ಬದಲಿಸಿದರು, ಅಷ್ಟೆ. ಪಾವಗಡವೂ ಜಾತ್ಯತೀತ ಜನತಾದಳಕ್ಕೆ, ಶ್ರೀ ಕೆ. ಎಂ. ತಿಮ್ಮರಾಯಪ್ಪನವರಿಗೆ ಹೋಯಿತು. ಮಧುಗಿರಿ ಜಾತ್ಯತೀತ ಜನತಾದಳವನ್ನು ಬಿಟ್ಟು ಕಾಂಗ್ರೆಸ್ಸಿನ ಶ್ರೀ ರಾಜಣ್ಣನವರನ್ನು ಆರಿಸಿತು. ಶಿರಾದಲ್ಲಿ ಶ್ರೀ ಜಯಚಂದ್ರರು ಮತ್ತೆ ಗೆದ್ದು ಕಾನೂನು ಮಂತ್ರಿಗಳಾದರು. ಪಕ್ಷ ಬದಲಾಗದೆ ಉಳಿದ ಕ್ಷೇತ್ರ ಅದೊಂದೇ.

ಇನ್ನು 2018. ನಮ್ಮ ವಾದದ ಬೆನ್ನೆಲುಬು ಈ ಚುನಾವಣೆಯಲ್ಲಿದೆ. 2013ರಲ್ಲಿ ಮಧುಗಿರಿ ಮತ್ತು ಶಿರಾ ಕಾಂಗ್ರೆಸ್ಸಿನವು, ಕೊರಟಗೆರೆ ಮತ್ತು ಪಾವಗಡ ಜಾತ್ಯತೀತ ಜನತಾದಳದವು. 2018ರಲ್ಲಿ ಮಧುಗಿರಿ ಮತ್ತು ಶಿರಾ ಜಾತ್ಯತೀತ ಜನತಾದಳಕ್ಕೆ, ಕೊರಟಗೆರೆ ಮತ್ತು ಪಾವಗಡ ಕಾಂಗ್ರೆಸ್ಸಿಗೆ. ನಾಲ್ಕಕ್ಕೆ ನಾಲ್ಕೂ ತಿರುವುಮುರುವು! ನಾಲ್ವರು ಹಾಲಿ ಸದಸ್ಯರೂ ಸ್ಪರ್ಧಿಸಿದ್ದರು, ನಾಲ್ವರೂ ಸೋತರು. ಮಧುಗಿರಿಯಲ್ಲಿ ಶ್ರೀ ರಾಜಣ್ಣನವರು ಶ್ರೀ ಎಂ. ವಿ. ವೀರಭದ್ರಯ್ಯನವರಿಗೆ 18,000ಕ್ಕೂ ಹೆಚ್ಚಿನ ಅಂತರದಿಂದ. ಶಿರಾದಲ್ಲಿ ಕಾನೂನು ಮಂತ್ರಿಗಳು ಶ್ರೀ ಬಿ. ಸತ್ಯನಾರಾಯಣರಿಗೆ 10,000ಕ್ಕೂ ಹೆಚ್ಚಿನ ಅಂತರದಿಂದ. ಕೊರಟಗೆರೆಯಲ್ಲಿ ಶ್ರೀ ಸುಧಾಕರಲಾಲರು ಡಾ. ಪರಮೇಶ್ವರರಿಗೆ 7,000ಕ್ಕೂ ಹೆಚ್ಚಿನ ಅಂತರದಿಂದ. ಪಾವಗಡದಲ್ಲಿ ಶ್ರೀ ತಿಮ್ಮರಾಯಪ್ಪನವರು, ಈಗ ಕಾಂಗ್ರೆಸ್ಸಿನಲ್ಲಿದ್ದ ಶ್ರೀ ವೆಂಕಟರಮಣಪ್ಪನವರಿಗೆ, ಕೇವಲ 409 ಮತಗಳಿಂದ. ಈ ಕೊನೆಯ ಸಂಖ್ಯೆಯ ಅರ್ಥವನ್ನು ಬಿಡಿಸಿ ನೋಡಿದರೆ, ಒಂದೂವರೆ ಲಕ್ಷದಷ್ಟು ಮತಗಳು ಬಿದ್ದ ಕ್ಷೇತ್ರದಲ್ಲಿ 205 ಮಂದಿ ಮನಸ್ಸು ಬದಲಿಸಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು.

ಅದೇ ಚುನಾವಣೆಯಲ್ಲಿ ರಾಜ್ಯದ ಮಟ್ಟದಲ್ಲಿ ಕಾಂಗ್ರೆಸ್ಸು 122ರಿಂದ 80ಕ್ಕೆ ಇಳಿಯಿತು. ಭಾರತೀಯ ಜನತಾ ಪಕ್ಷವು 104ಕ್ಕೆ ಏರಿತು. ಕಾಂಗ್ರೆಸ್ಸಿನ ವಿರುದ್ಧ ಬೀಸಿದ ಗಾಳಿಯೇ ಮಧುಗಿರಿ ಮತ್ತು ಶಿರಾಗಳನ್ನು ಉರುಳಿಸಿತು ಎನ್ನುವವರು, ಅದೇ ದಿನ, ಅದೇ ಗಾಳಿಯಲ್ಲಿ, ಪಕ್ಕದ ಎರಡು ತಾಲ್ಲೂಕುಗಳು ಕಾಂಗ್ರೆಸ್ಸಿಗೆ ಹೊಸದಾಗಿ ಬಂದುದನ್ನು ಹೇಗೆ ವಿವರಿಸುವರು?

ಚುರುಕಾದ ವಿದ್ಯಾರ್ಥಿಯು ಇಲ್ಲಿ ಇನ್ನೊಂದು ವಿವರಣೆಯನ್ನು ಕಾಣಬಹುದು. ಎರಡು ಸಾಮಾನ್ಯ ಕ್ಷೇತ್ರಗಳು ಎರಡು ಸಲವೂ ಒಂದು ಕಡೆ, ಎರಡು ಮೀಸಲು ಕ್ಷೇತ್ರಗಳು ಇನ್ನೊಂದು ಕಡೆ ನಡೆದಿವೆ. ಆದ್ದರಿಂದ ಮೀಸಲಾತಿಯೇ ಕಾರಣವಲ್ಲವೆ? ಮೀಸಲು ಕ್ಷೇತ್ರದಲ್ಲಿ ಉಮೇದುವಾರರೆಲ್ಲರೂ ಪರಿಶಿಷ್ಟ ಜಾತಿಯವರೇ ಆಗಿರುವುದರಿಂದ ಇತರ ಜಾತಿಗಳ ಮತದಾರರಿಗೆ ‘ನಮ್ಮವನು’ ಎಂಬ ಆಯ್ಕೆ ಇರುವುದಿಲ್ಲ, ಅವರ ಲೆಕ್ಕಾಚಾರ ಬೇರೆ ಎಂಬುದು ಒಪ್ಪತಕ್ಕ ಮಾತೇ. ಆದರೆ ಈ ವಾದವು 2013ರಲ್ಲಿ ಮೀಸಲು ಕ್ಷೇತ್ರಗಳು ಏಕೆ ಜಾತ್ಯತೀತ ಜನತಾದಳವನ್ನು ಆರಿಸಿದವು ಎಂಬುದನ್ನು ವಿವರಿಸಿದರೆ, 2018ರಲ್ಲಿ ಏಕೆ ಅದನ್ನು ಬಿಟ್ಟವು ಎಂಬುದನ್ನು ವಿವರಿಸಲಾರದು. ಎರಡು ವಿರುದ್ಧ ಫಲಗಳಿಗೆ ಒಂದೇ ಸ್ಥಿರವಾದ ಕಾರಣವನ್ನು ಹೇಳುವುದು ತರ್ಕಸಮ್ಮತವಲ್ಲ. ನಾಲ್ಕು ಕ್ಷೇತ್ರಗಳಿಗೂ ಎರಡು ಚುನಾವಣೆಗಳಿಗೂ ಸಮಾನವಾಗಿ ಹೊಂದುವ ಹೇಳಿಕೆ ಇನ್ನೂ ಸರಳವಾದುದು: ಮತದಾರನು ತನ್ನೆದುರಿಗಿರುವ ಸದಸ್ಯನನ್ನು, ಅವನು ಯಾವ ಪಕ್ಷದವನಾಗಿದ್ದರೂ, ತೆಗೆದುಹಾಕಿದ್ದಾನೆ. 2008ರಿಂದ 2023ರ ವರೆಗಿನ ಮೂರು ಅವಧಿಗಳಲ್ಲಿ ನಾಲ್ಕು ಕ್ಷೇತ್ರಗಳಿಗೆ ಒಟ್ಟು ಹನ್ನೆರಡು ಸಂದರ್ಭಗಳು. ಅವುಗಳಲ್ಲಿ ಒಂಬತ್ತರಲ್ಲಿ ಪಕ್ಷ ಬದಲಾಗಿದೆ.

ಏಕೆ ಹೀಗೆ? ನಮ್ಮ ಅಭಿಪ್ರಾಯದಲ್ಲಿ ಇದರ ಉತ್ತರವನ್ನು ಶಾಸಕನ ಕೆಲಸದ ಸ್ವರೂಪದಲ್ಲಿ ಹುಡುಕಬೇಕು. ಪಠ್ಯಪುಸ್ತಕದ ಪ್ರಕಾರ ಅವನು ಶಾಸನ ಮಾಡುವವನು. ತಾಲ್ಲೂಕಿನಲ್ಲಿ ಅವನು ಬೇರೆಯೇ ಒಬ್ಬ ವ್ಯಕ್ತಿ. ಬಗರ್ ಹುಕುಂ ಸಾಗುವಳಿಯನ್ನು ಸಕ್ರಮಗೊಳಿಸುವ ಸಮಿತಿಗೆ ಅವನೇ ಅಧ್ಯಕ್ಷ; ಆಶ್ರಯ ಮನೆಗಳ ಹಂಚಿಕೆಯಲ್ಲಿ ಅವನ ಮಾತು ನಡೆಯುತ್ತದೆ; ಗಂಗಾ ಕಲ್ಯಾಣ ಯೋಜನೆಯಲ್ಲಿ ಯಾರ ಹೊಲದಲ್ಲಿ ಕೊಳವೆ ಬಾವಿ ಕೊರೆಯಬೇಕೆಂಬ ಪಟ್ಟಿ ಅವನ ಮುಂದೆ ಬರುತ್ತದೆ. ನೀರಾವರಿಯುಳ್ಳ ಸೀಮೆಯಲ್ಲಿ ಇವು ಹಲವು ಅನುಕೂಲಗಳಲ್ಲಿ ಕೆಲವು ಮಾತ್ರ. ಬಯಲು ಸೀಮೆಯ ಒಣ ತಾಲ್ಲೂಕಿನಲ್ಲಿ ಎರಡೆಕರೆಯ ಹಕ್ಕುಪತ್ರ ಅಥವಾ ಒಂದು ಕೊಳವೆ ಬಾವಿ ಒಂದು ಕುಟುಂಬದ ಹಣೆಬರಹ. ಪಟ್ಟಿಯಲ್ಲಿ ಹೆಸರು ಬಂದ ಒಬ್ಬನಿಗೆ ಎದುರಾಗಿ ಬಾರದ ಹತ್ತು ಮಂದಿ ಇರುತ್ತಾರೆ. ಪಡೆದವನು ತನ್ನ ಹಕ್ಕನ್ನೇ ಪಡೆದೆನೆಂದುಕೊಳ್ಳುತ್ತಾನೆ, ಪಡೆಯದವನು ಅದನ್ನು ಐದು ವರ್ಷ ಮರೆಯುವುದಿಲ್ಲ. ಹೀಗೆ ಹಂಚುವ ಅಧಿಕಾರವೇ ಹಂಚುವವನ ಶತ್ರುಗಳನ್ನು ಬೆಳೆಸುತ್ತದೆ. ಸಮರ್ಥನಾದ, ಪ್ರಭಾವಶಾಲಿಯಾದ ಸದಸ್ಯನೂ ಇದರಿಂದ ಪಾರಾಗಲಾರನು. ಅವನಿಂದ ನಿರೀಕ್ಷೆ ಹೆಚ್ಚಾಗಿರುವುದರಿಂದ ನಿರಾಶೆಯೂ ಹೆಚ್ಚು. ಶಿರಾ ತಾಲ್ಲೂಕು ಕಾನೂನು ಮಂತ್ರಿಗಳನ್ನು ಸೋಲಿಸಿದ್ದನ್ನೂ ಕೊರಟಗೆರೆ ಪಕ್ಷಾಧ್ಯಕ್ಷರನ್ನು ಸೋಲಿಸಿದ್ದನ್ನೂ ಈ ದೃಷ್ಟಿಯಿಂದ ನೋಡಬೇಕು.

ಸಾರ್ವಜನಿಕ ಕಾಮಗಾರಿಗಳ ಮಾತೂ ಹೀಗೆಯೇ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ 2,000 ಮೆಗಾವಾಟ್ ಪ್ರಮಾಣದ ಸೌರವಿದ್ಯುತ್ ಉದ್ಯಾನವು 2018ರ ಮಾರ್ಚಿನಲ್ಲಿ, ಅಂದರೆ ಚುನಾವಣೆಗೆ ಎರಡು ತಿಂಗಳ ಮುಂಚೆ, ಉದ್ಘಾಟನೆಯಾಯಿತು. ರೈತರ ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಜಮೀನುಳ್ಳವನಿಗೆ ಬರಗಾಲದಲ್ಲಿಯೂ ಬರುವ ವರಮಾನ ಅದು. ಜಮೀನಿಲ್ಲದ ಕೂಲಿಗಾರನಿಗೆ ಆ ಹೊಲದಲ್ಲಿದ್ದ ಕೆಲಸವೂ ಹೋಯಿತು. ಇಷ್ಟು ದೊಡ್ಡ ಯೋಜನೆ ಯಾವ ಪಕ್ಷಕ್ಕೆ ಮತಗಳನ್ನು ತಂದಿತು ಎಂದು 409ರ ಅಂತರದಿಂದ ನಿರ್ಣಯಿಸಹೊರಡುವುದು ವ್ಯರ್ಥ.

ಇನ್ನೊಂದು ಲಕ್ಷಣವನ್ನೂ ಗಮನಿಸಬೇಕು. ಸ್ಪರ್ಧೆಗಳೆಲ್ಲ ಅವೇ ವ್ಯಕ್ತಿಗಳ ನಡುವೆ ನಡೆದಿವೆ. ಮಧುಗಿರಿಯಲ್ಲಿ ಶ್ರೀ ರಾಜಣ್ಣನವರೂ ಶ್ರೀ ವೀರಭದ್ರಯ್ಯನವರೂ 2013, 2018, 2023 ಮೂರು ಸಲವೂ ಎದುರುಬದುರಾದರು. ಕೊರಟಗೆರೆಯಲ್ಲಿ ಡಾ. ಪರಮೇಶ್ವರರೂ ಶ್ರೀ ಸುಧಾಕರಲಾಲರೂ ಅದೇ ಮೂರು ಸಲ. ಶಿರಾದಲ್ಲಿ ಶ್ರೀ ಜಯಚಂದ್ರರೂ ಶ್ರೀ ಸತ್ಯನಾರಾಯಣರೂ 2013 ಮತ್ತು 2018ರಲ್ಲಿ. ಮತದಾರನಿಗೆ ಇಬ್ಬರೂ ಪರಿಚಿತರು, ಇಬ್ಬರನ್ನೂ ಒಮ್ಮೆ ಪರೀಕ್ಷಿಸಿದ್ದಾನೆ. ಒಬ್ಬನನ್ನು ಇಳಿಸುವುದೆಂದರೆ ಇನ್ನೊಬ್ಬನನ್ನು ಏರಿಸುವುದೇ. ಮೂರನೆಯ ಪಕ್ಷಕ್ಕೆ ಎಡೆಯಿಲ್ಲದಂತೆ ಈ ಜೋಡಿಸ್ಪರ್ಧೆಗಳು ಬಾಗಿಲು ಹಾಕಿದ್ದವು. ರಾಜ್ಯವನ್ನಾಳಿದ ಭಾರತೀಯ ಜನತಾ ಪಕ್ಷವು 2008, 2013, 2018, 2023ರ ನಾಲ್ಕು ಮಹಾಚುನಾವಣೆಗಳಲ್ಲಿ ಈ ಕ್ಷೇತ್ರಗಳಲ್ಲಿ ಒಂದನ್ನೂ ಗೆಲ್ಲದಿದ್ದುದಕ್ಕೆ ಇದು ಮುಖ್ಯ ಕಾರಣವೆಂದು ನಮಗೆ ತೋರುತ್ತದೆ.

ಆ ಬಾಗಿಲು ತೆರೆದದ್ದು ಬೆಂಗಳೂರಿನಲ್ಲಿ. 2018ರ ಮೇ 23ರಂದು ಕಾಂಗ್ರೆಸ್ಸೂ ಜಾತ್ಯತೀತ ಜನತಾದಳವೂ ಕೂಡಿ ಸರಕಾರ ರಚಿಸಿದವು. ಶ್ರೀ ಎಚ್. ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿ, ಕೊರಟಗೆರೆಯ ಡಾ. ಪರಮೇಶ್ವರರು ಉಪಮುಖ್ಯಮಂತ್ರಿ, ಪಾವಗಡದ ಶ್ರೀ ವೆಂಕಟರಮಣಪ್ಪನವರು ಕಾರ್ಮಿಕ ಮಂತ್ರಿ. ವಿಧಾನಸೌಧದಲ್ಲಿ ಎರಡು ಪಕ್ಷಗಳು ಕೈಹಿಡಿದವು. ಆದರೆ ಈ ನಾಲ್ಕು ತಾಲ್ಲೂಕುಗಳ ಪ್ರತಿ ಹೋಬಳಿಯಲ್ಲಿಯೂ ರಾಜಕೀಯವೆಂದರೆ ಆ ಎರಡು ಪಕ್ಷಗಳ ನಡುವಣ ಜಗಳವೇ ಆಗಿತ್ತು. ನಿನ್ನೆ ಎದುರಾಳಿಯಾಗಿದ್ದವನಿಗೆ ಇಂದು ಮತ ಹಾಕೆಂದು ಕಾರ್ಯಕರ್ತನಿಗೆ ಹೇಳುವುದು ಸುಲಭವಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ತುಮಕೂರಿನಿಂದ ಮೈತ್ರಿಯ ಉಮೇದುವಾರರಾಗಿ ನಿಂತ ಮಾಜಿ ಪ್ರಧಾನಿ ಶ್ರೀ ಎಚ್. ಡಿ. ದೇವೇಗೌಡರೇ 13,000ದಷ್ಟು ಮತಗಳಿಂದ ಸೋತರು. ಆ ವರ್ಷದ ಜುಲೈ 23ರಂದು ಸರಕಾರವು ವಿಶ್ವಾಸಮತದಲ್ಲಿ 99ಕ್ಕೆ 105ರಿಂದ ಸೋತು ಬಿದ್ದಿತು. ಅದನ್ನು ಬೀಳಿಸಿದ ರಾಜೀನಾಮೆಗಳಲ್ಲಿ ಈ ನಾಲ್ಕು ಕ್ಷೇತ್ರಗಳ ಯಾವ ಸದಸ್ಯರ ರಾಜೀನಾಮೆಯೂ ಇರಲಿಲ್ಲವೆಂಬುದು ಇಲ್ಲಿ ಉಲ್ಲೇಖನೀಯ.

2020ರ ಆಗಸ್ಟಿನಲ್ಲಿ ಶಿರಾದ ಸದಸ್ಯ ಶ್ರೀ ಸತ್ಯನಾರಾಯಣರು ನಿಧನರಾದರು. ನವೆಂಬರ್ 3ರಂದು ಉಪಚುನಾವಣೆ ನಡೆಯಿತು. ಜಾತ್ಯತೀತ ಜನತಾದಳವು ಮೃತರ ಪತ್ನಿಯವರನ್ನು ನಿಲ್ಲಿಸಿತು. ಕಾಂಗ್ರೆಸ್ಸಿನಿಂದ ಶ್ರೀ ಜಯಚಂದ್ರರು. ಭಾರತೀಯ ಜನತಾ ಪಕ್ಷದಿಂದ ವೈದ್ಯರಾದ ಡಾ. ಸಿ. ಎಂ. ರಾಜೇಶ್ ಗೌಡರು. ಆಳುವ ಪಕ್ಷವು ತನ್ನ ಸರ್ವಶಕ್ತಿಯನ್ನೂ ತಂದು ಹಾಕಿತು. ಕಾಡುಗೊಲ್ಲರಿಗಾಗಿ ಪ್ರತ್ಯೇಕ ಅಭಿವೃದ್ಧಿ ನಿಗಮದ ಘೋಷಣೆ ಚುನಾವಣೆಯ ಮುನ್ನ ಬಂದಿತು. ಮುಖ್ಯಮಂತ್ರಿ ಶ್ರೀ ಬಿ. ಎಸ್. ಯಡಿಯೂರಪ್ಪನವರು ಪ್ರಚಾರಕ್ಕೆ ಬಂದು, ಮದಲೂರು ಕೆರೆಯನ್ನು ಆರು ತಿಂಗಳಲ್ಲಿ ಹೇಮಾವತಿಯ ನೀರಿನಿಂದ ತುಂಬಿಸುವ ಭರವಸೆಯಿತ್ತರು. ಮತದಾನ ನೂರಕ್ಕೆ 80ನ್ನು ಮೀರಿತು. ಅದೇ ದಿನ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ನಡೆದ ಉಪಚುನಾವಣೆಯಲ್ಲಿ ಅದು ನೂರಕ್ಕೆ 50ನ್ನೂ ಮುಟ್ಟಲಿಲ್ಲ. ಡಾ. ರಾಜೇಶ್ ಗೌಡರು 12,000ಕ್ಕೂ ಮಿಗಿಲಾದ ಅಂತರದಿಂದ ಗೆದ್ದರು. ಶಿರಾದಲ್ಲಿ ಆ ಪಕ್ಷಕ್ಕೆ ಅದು ಮೊದಲ ಗೆಲವು.

ಉಪಚುನಾವಣೆಯನ್ನು ಮಹಾಚುನಾವಣೆಯ ಸಣ್ಣ ಪ್ರತಿಯೆಂದು ತಿಳಿಯಬಾರದು. ಮಹಾಚುನಾವಣೆಯಲ್ಲಿ ಯಾರು ಸರಕಾರ ರಚಿಸುವರೆಂಬುದು ಮತದಾರನಿಗೆ ಗೊತ್ತಿರುವುದಿಲ್ಲ. ಉಪಚುನಾವಣೆಯಲ್ಲಿ ಸರಕಾರ ಅವನ ಕಣ್ಣೆದುರಿಗಿದೆ, ಇನ್ನೂ ಎರಡೂವರೆ ವರ್ಷ ಇರುತ್ತದೆ, ಅದರ ಮುಖ್ಯಸ್ಥರೇ ಬಂದು ಕೆರೆಯ ಹೆಸರು ಹೇಳಿ ಮಾತು ಕೊಡುತ್ತಾರೆ. ಬತ್ತಿದ ಕೆರೆಯ ಅಚ್ಚುಕಟ್ಟಿನ ರೈತನು ಅಂತಹ ಸಂದರ್ಭದಲ್ಲಿ ಸರಕಾರದ ಪಕ್ಷವನ್ನು ಆರಿಸಿದರೆ ಅದನ್ನು ಸಿದ್ಧಾಂತದ ಬದಲಾವಣೆಯೆನ್ನಲಾಗದು, ಚಂಚಲತೆಯೆನ್ನಲೂ ಆಗದು. ಆದರೆ ಮಧುಗಿರಿಯು 2008ರಲ್ಲಿ ಇಂತಹದೇ ಅವಕಾಶವನ್ನು ನಿರಾಕರಿಸಿತ್ತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಉಪಚುನಾವಣೆಗೆ ಕಾರಣ ರಾಜೀನಾಮೆ, ಇಲ್ಲಿ ಮರಣ. ಆಳುವ ಪಕ್ಷವು ತಾನೇ ತೆರವು ಮಾಡಿಸಿದ ಸ್ಥಾನಕ್ಕೆ ಮತ ಕೇಳುವುದಕ್ಕೂ ತಾನಾಗಿ ತೆರವಾದ ಸ್ಥಾನಕ್ಕೆ ಕೇಳುವುದಕ್ಕೂ ಜನರ ಮನಸ್ಸಿನಲ್ಲಿ ವ್ಯತ್ಯಾಸವಿದ್ದಿರಬೇಕು.

2023ರ ಮೇ 10ರ ಚುನಾವಣೆಯಲ್ಲಿ ಕಾಂಗ್ರೆಸ್ಸು 135 ಸ್ಥಾನ ಗೆದ್ದಿತು. ಭಾರತೀಯ ಜನತಾ ಪಕ್ಷ 66, ಜಾತ್ಯತೀತ ಜನತಾದಳ 19. ನಾಲ್ಕು ಕ್ಷೇತ್ರಗಳೂ ಕಾಂಗ್ರೆಸ್ಸಿಗೆ ಬಂದವು. ಮರುವಿಂಗಡಣೆಯಾದ ಮೇಲೆ ರಾಜ್ಯದ ತೀರ್ಪೂ ಈ ಸೀಮೆಯ ತೀರ್ಪೂ ಸಂಪೂರ್ಣವಾಗಿ ಒಂದಾದದ್ದು ಇದೇ ಮೊದಲು. ಮಧುಗಿರಿಯಲ್ಲಿ ಶ್ರೀ ರಾಜಣ್ಣನವರು 35,000ಕ್ಕೂ ಹೆಚ್ಚಿನ ಅಂತರದಿಂದ, ಶಿರಾದಲ್ಲಿ ಶ್ರೀ ಜಯಚಂದ್ರರು 29,000ಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಅಲ್ಲಿ ಹಾಲಿ ಸದಸ್ಯರು ಸೋತರು, ಹಳೆಯ ನಿಯಮ ನಡೆಯಿತು. ಡಾ. ರಾಜೇಶ್ ಗೌಡರು ಮೂರನೆಯ ಸ್ಥಾನಕ್ಕೆ ಇಳಿದರು. ನಿಯಮ ಮುರಿದದ್ದು ಕೊರಟಗೆರೆ ಮತ್ತು ಪಾವಗಡಗಳಲ್ಲಿ. ಕೊರಟಗೆರೆ ತನ್ನ ಹಾಲಿ ಸದಸ್ಯರನ್ನು ಉಳಿಸಿಕೊಂಡಿತು. ಅಂತರವೂ 14,000ವನ್ನು ದಾಟಿತು. ಪಾವಗಡದಲ್ಲಿ ಹಾಲಿ ಸದಸ್ಯರು ನಿಲ್ಲದೆ ಅವರ ಮಗ ಶ್ರೀ ಎಚ್. ವಿ. ವೆಂಕಟೇಶರು ನಿಂತು, ಶ್ರೀ ತಿಮ್ಮರಾಯಪ್ಪನವರನ್ನು 10,000ಕ್ಕೂ ಮಿಗಿಲಾದ ಮತಗಳಿಂದ ಸೋಲಿಸಿದರು. ಹೆಸರು ಹೊಸದು, ಮನೆ ಹಳೆಯದು. ಇದನ್ನು ಹಾಲಿ ಸದಸ್ಯನ ಗೆಲವೆನ್ನಬೇಕೋ ಬದಲಾವಣೆಯೆನ್ನಬೇಕೋ ಎಂಬುದು ವರ್ಗೀಕರಣ ಮಾಡುವವರಿಗೆ ಬಿಟ್ಟ ವಿಷಯ.

ಹಾಗಾದರೆ 2023ರಲ್ಲಿ ಕೊನೆಗೂ ಅಲೆ ಬಂದಿತೆನ್ನಬಹುದೆ? ಭಾಗಶಃ ಮಾತ್ರ. ಕೊರಟಗೆರೆಯಲ್ಲಿ ಡಾ. ಪರಮೇಶ್ವರರಿಗೆ ಬಂದ ಮತಗಳು 79,000ಕ್ಕೆ ಸ್ವಲ್ಪ ಮೇಲೆ. 2018ರಲ್ಲಿ ಅವರಿಗೆ 81,000ಕ್ಕೂ ಹೆಚ್ಚು ಬಂದಿದ್ದವು. ಅಂದರೆ ಗೆಲವಿನ ಅಂತರ ಸುಮಾರು ಎರಡರಷ್ಟಾದಾಗ ಅವರ ಮತಗಳು ಕಡಿಮೆಯಾಗಿವೆ. ಹೆಚ್ಚಾದದ್ದು ಎದುರಾಳಿಗಳ ಒಡಕು: ಜಾತ್ಯತೀತ ಜನತಾದಳಕ್ಕೆ 64,000ಕ್ಕೂ ಹೆಚ್ಚು, ಭಾರತೀಯ ಜನತಾ ಪಕ್ಷಕ್ಕೆ 24,000ಕ್ಕೂ ಹೆಚ್ಚು. ಶಿರಾದಲ್ಲಿಯೂ ಕಾಂಗ್ರೆಸ್ಸಿನ 86,000ಕ್ಕೆ ಎದುರಾಗಿ ಇವೆರಡರ ಮೊತ್ತ 99,000ವನ್ನು ಮುಟ್ಟುತ್ತದೆ. ಅತಿ ಹೆಚ್ಚು ಮತ ಪಡೆದವನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಸ್ಥಾನಗಳ ಪಟ್ಟಿಯನ್ನು ಮಾತ್ರ ನೋಡಿ ಜನಾಭಿಪ್ರಾಯವನ್ನು ಓದುವುದು ಎಷ್ಟು ಅಪಾಯಕರವೆಂಬುದಕ್ಕೆ ಇವು ತರಗತಿಯಲ್ಲಿ ಬಳಸತಕ್ಕ ಉದಾಹರಣೆಗಳು. ಮಧುಗಿರಿ ಮಾತ್ರ ಈ ಆಕ್ಷೇಪಕ್ಕೆ ಹೊರತು. ಅಲ್ಲಿ ಗೆದ್ದವರ 91,000 ಮತಗಳು ಎರಡೂ ಪಕ್ಷಗಳ ಮೊತ್ತಕ್ಕಿಂತ ಹೆಚ್ಚಿನವು.

2023ರ ಸೆಪ್ಟೆಂಬರಿನಲ್ಲಿ ಜಾತ್ಯತೀತ ಜನತಾದಳವು ಭಾರತೀಯ ಜನತಾ ಪಕ್ಷದೊಡನೆ ಮೈತ್ರಿ ಮಾಡಿಕೊಂಡಿತು. ಮುಂದಿನ ವರ್ಷದ ಲೋಕಸಭಾ ಚುನಾವಣೆಯಲ್ಲಿ ತುಮಕೂರಿನಿಂದ ಶ್ರೀ ವಿ. ಸೋಮಣ್ಣನವರೂ ಚಿತ್ರದುರ್ಗದಿಂದ ಶ್ರೀ ಗೋವಿಂದ ಕಾರಜೋಳರೂ ಆ ಮೈತ್ರಿಯ ಉಮೇದುವಾರರಾಗಿ ಗೆದ್ದರು. ಹೀಗೆ ನಾಲ್ಕು ತಾಲ್ಲೂಕುಗಳೂ ವಿಧಾನಸಭೆಗೆ ಒಂದು ಪಕ್ಷದ ಸದಸ್ಯರನ್ನು ಕಳುಹಿಸಿ ಒಂದು ವರ್ಷ ತುಂಬುತ್ತಿದ್ದಂತೆ, ಅವು ಸೇರಿದ ಎರಡು ಲೋಕಸಭಾ ಕ್ಷೇತ್ರಗಳೂ ಎದುರು ಪಕ್ಷದ ಪಾಲಾದವು. ಆದರೆ ವಿಧಾನಸಭೆಯ ಮಟ್ಟಿಗೆ ಈ ಎರಡು ಪಕ್ಷಗಳ ಮತಗಳು ಹಾಳೆಯ ಮೇಲೆ ಕೂಡುವಂತೆ ಪೆಟ್ಟಿಗೆಯಲ್ಲಿಯೂ ಕೂಡುವವೆಂದು ಹೇಳಲು ಬರುವುದಿಲ್ಲ. 2018ರಲ್ಲಿ ಕಾಂಗ್ರೆಸ್ಸು ಮತ್ತು ಜಾತ್ಯತೀತ ಜನತಾದಳದ ಮತಗಳನ್ನು ಹಾಗೆ ಕೂಡಿಸಿದವರ ಲೆಕ್ಕ ಮರುವರ್ಷವೇ ತುಮಕೂರಿನಲ್ಲಿ ತಪ್ಪಿತ್ತು. 2023ರ ಮಂತ್ರಿಮಂಡಲದಲ್ಲಿ ಕೊರಟಗೆರೆಯ ಸದಸ್ಯರಿಗೆ ಗೃಹಖಾತೆಯೂ ಮಧುಗಿರಿಯ ಸದಸ್ಯರಿಗೆ ಸಹಕಾರ ಖಾತೆಯೂ ದೊರೆತವು; ಅವರಲ್ಲಿ ಶ್ರೀ ರಾಜಣ್ಣನವರು 2025ರ ಆಗಸ್ಟಿನಲ್ಲಿ ಮಂತ್ರಿಮಂಡಲದಿಂದ ಹೊರಗಾದರು. ಇವರಲ್ಲಿ ಒಬ್ಬರು 2013ರಲ್ಲಿ, ಇನ್ನೊಬ್ಬರು 2018ರಲ್ಲಿ ಸೋತದ್ದು ಸ್ಥಾನವನ್ನು ಐದು ವರ್ಷ ಹಿಡಿದ ಮೇಲೆಯೇ.